ತುಂಬುವ ಪುಸ್ತಕ ಬೇಡ, ಬರೆಯುವ ಪುಸ್ತಕ ಬೇಕು



ಮುಂಬರುವ ಯುಗಾದಿ ಸಮಾರಂಭದಲ್ಲಿ ನಮ್ಮ ಸಂಘದ ವತಿಯಿಂದ ಪ್ರತಿಯೊಂದು ಕುಟುಂಬಕ್ಕೂ ‘ದಿನಚರಿ ಮತ್ತು ಗುರಿ ಪುಸ್ತಕ’ವೊಂದನ್ನು ಉಡುಗೊರೆಯಾಗಿ ನೀಡಬೇಕೆಂಬ ಪ್ರಸ್ತಾಪವು ಕಾರ್ಯಕಾರಿ ಸಮಿತಿಯ ಮುಂದಿದೆ. ಅದರ ಕರಡು ಪ್ರತಿಯನ್ನು ಭಾನುವಾರದ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ನಮಗೆಲ್ಲರಿಗೂ ಕಳುಹಿಸಲಾಗಿತ್ತು. ಉಡುಗೊರೆಯ ಆಲೋಚನೆ ಉತ್ತಮವಾದುದು. ತಮ್ಮ ವಾರಾಂತ್ಯಗಳನ್ನು ವ್ಯಯಿಸಿ ಅದನ್ನು ಸಿದ್ಧಪಡಿಸಿದ ತರುಣ ಸ್ವಯಂಸೇವಕರ ಶ್ರಮವೂ ಪ್ರಶಂಸೆಗೆ ಅರ್ಹ. ಆದಾಗ್ಯೂ ಈ ಕರಡು ಇದ್ದ ಹಾಗೆಯೇ ಅಚ್ಚಾಗುವುದನ್ನು ನಾನು ವಿರೋಧಿಸುತ್ತೇನೆ. ಸಮಿತಿಯ ನಾಲ್ಕು ಗೋಡೆಗಳ ನಡುವೆ ಹೇಳಬಹುದಾದ ಮಾತನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿಷ್ಟೇ: ಪುಸ್ತಕ ಬರುವುದು ನಿಮ್ಮೆಲ್ಲರ ಮನೆಗೆ, ಖರ್ಚಾಗುವುದು ನಿಮ್ಮೆಲ್ಲರ ಸದಸ್ಯತ್ವದ ಹಣ.

ಕರಡು ಹೇಗಿದೆಯೆಂಬುದನ್ನು ಮೊದಲು ವಿವರಿಸುತ್ತೇನೆ. ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವ ಇಂಗ್ಲಿಷ್ ಕಾರ್ಯಹಾಳೆಗಳನ್ನು ಇಳಿಸಿಕೊಂಡು, ಅವುಗಳ ಶೀರ್ಷಿಕೆಗಳನ್ನು ಕನ್ನಡಿಸಿ, ಮೇಲೊಂದು ಮಾವಿನೆಲೆಯ ತೋರಣದ ಚಿತ್ರವನ್ನು ಅಂಟಿಸಲಾಗಿದೆ. ಎಂಟು ಅರೆಗಳುಳ್ಳ ‘ಬದುಕಿನ ಚಕ್ರ’, ‘ಸ್ಮಾರ್ಟ್ ಗುರಿ’ಯ ಐದು ಚೌಕಗಳು, ತಿಂಗಳ 31 ದಿನಗಳಿಗೆ 31 ಕಂಬಗಳುಳ್ಳ ‘ಅಭ್ಯಾಸ ಪಟ್ಟಿ’, ಮನಸ್ಥಿತಿಗೆ ಬಣ್ಣ ತುಂಬಲು ಐದು ದುಂಡು ಮುಖಗಳು, ಕೃತಜ್ಞತೆಗೆ ಮೂರು ಗೆರೆಗಳು, ‘ಐದು ವರ್ಷಗಳ ನಂತರ ನಾನು’ ಎಂಬ ಮೋಡದಾಕಾರದ ಪೆಟ್ಟಿಗೆ. ಅರುವತ್ತು ಪುಟಗಳನ್ನು ಎರಡೆರಡು ಬಾರಿ ತಿರುವಿ ನೋಡಿದೆ. ಒಂದರ ಕೆಳಗೊಂದು ನಾಲ್ಕು ವಾಕ್ಯಗಳನ್ನು ಬರೆಯಬಹುದಾದ ಸ್ಥಳವೇ ಅದರಲ್ಲಿಲ್ಲ. ದಿನಚರಿಯೆಂಬ ಹೆಸರನ್ನು ಹೊತ್ತ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಕೊರತೆ ಯಾವುದಿದ್ದೀತು?

ಭಾಷೆಯ ವಿಚಾರದಿಂದಲೇ ಆರಂಭಿಸೋಣ. ಎರಡನೆಯ ಪುಟದಲ್ಲಿ ‘ನಾನು ______ ಅನ್ನು ಸಾಧಿಸುತ್ತೇನೆ’ ಎಂದಿದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು ಬರುವುದರಿಂದ ತುಂಬಬೇಕಾದ ಪದ ವಾಕ್ಯದ ತುದಿಯಲ್ಲಿ ನಿಲ್ಲುತ್ತದೆ. ತುದಿಯಲ್ಲಿ ಗೆರೆಯೊಂದನ್ನು ಎಳೆದರೆ ಸಾಕು. ಕನ್ನಡದಲ್ಲಿ ಕ್ರಿಯಾಪದ ಕೊನೆಯಲ್ಲಿ ಕುಳಿತಿರುತ್ತದೆ. ಹೀಗಾಗಿ ಖಾಲಿ ಜಾಗವು ವಾಕ್ಯದ ನಡುವೆ ಸಿಕ್ಕಿಕೊಂಡು, ಅದರ ಬೆನ್ನಿಗೆ ವಿಭಕ್ತಿ ಪ್ರತ್ಯಯವೊಂದು ಒಂಟಿಯಾಗಿ ಜೋತುಬೀಳುತ್ತದೆ. ಮಗು ಅಲ್ಲಿ ‘ಈಜು’ ಎಂದು ಬರೆದರೆ ‘ಈಜು ಅನ್ನು’ ಎಂದಾಗುತ್ತದೆ. ‘ಚಿತ್ರಕಲೆ’ ಎಂದು ಬರೆದರೆ ‘ಚಿತ್ರಕಲೆ ಅನ್ನು’. ‘ಈಜನ್ನು’, ‘ಚಿತ್ರಕಲೆಯನ್ನು’ ಎಂದು ವರ್ಷವಿಡೀ ಬಾಯಿಪಾಠ ಮಾಡಿಸಿದ್ದನ್ನು ಸಂಘವೇ ಅಚ್ಚು ಹಾಕಿಸಿದ ಪುಸ್ತಕವು ಅಳಿಸಿಹಾಕುತ್ತದೆ. ಕೃತಜ್ಞತೆಯ ಪುಟ ಇನ್ನೂ ಸೊಗಸಾಗಿದೆ: ‘ನಾನು ______ಗೆ ಕೃತಜ್ಞನಾಗಿದ್ದೇನೆ.’ ಅಜ್ಜಿಗೆ ಸರಿ, ಮಳೆಗೆ ಸರಿ. ಆದರೆ ಅಮ್ಮ ‘ಅಮ್ಮನಿಗೆ’ ಆಗಬೇಕು, ಮರ ‘ಮರಕ್ಕೆ’ ಆಗಬೇಕು, ಶಿಕ್ಷಕರು ‘ಶಿಕ್ಷಕರಿಗೆ’ ಆಗಬೇಕು. ಹುಡುಗಿಯರಂತೂ ‘ಕೃತಜ್ಞನಾಗಿದ್ದೇನೆ’ ಎಂಬುದನ್ನು ಹೊಡೆದು ತಿದ್ದಿಕೊಂಡೇ ಕೃತಜ್ಞರಾಗಬೇಕು.

ಇದು ಕೇವಲ ವ್ಯಾಕರಣದ ಕಿರಿಕಿರಿಯೆಂದು ಭಾವಿಸಬಾರದು. ‘ಇಂದು ನಾನು ______ ಭಾವಿಸುತ್ತೇನೆ’ ಎಂಬ ವಾಕ್ಯವನ್ನೇ ನೋಡಿ. ಯಾವ ಕನ್ನಡಿಗನು ಹೀಗೆ ಮಾತನಾಡುತ್ತಾನೆ? ನಮ್ಮಲ್ಲಿ ಭಾವನೆಗಳು ನಮಗೆ ಬರುತ್ತವೆ, ನಮಗೆ ಆಗುತ್ತವೆ. ನನಗೆ ಸಿಟ್ಟು ಬಂತು, ನನಗೆ ಬೇಸರವಾಯಿತು, ನಾಚಿಕೆಯಾಯಿತು, ಹೊಟ್ಟೆಕಿಚ್ಚಾಯಿತು, ಊರಿನ ನೆನಪಾಯಿತು. ಮನಸ್ಸಿನ ಸ್ಥಿತಿಯನ್ನು ಹೇಳುವ ಈ ಕ್ರಮವು ಇಂಗ್ಲಿಷಿನದಕ್ಕಿಂತ ಬೇರೆಯದು. ಇಲ್ಲಿ ಹುಟ್ಟಿ ಬೆಳೆದ ಮಗುವು ಸಿಟ್ಟನ್ನು ತನ್ನ ಬಳಿಗೆ ಬಂದು ಹೋಗುವ ಅತಿಥಿಯೆಂದು ಕಾಣಲು ಅವಕಾಶವಿರುವುದು ಕನ್ನಡದಲ್ಲಿ ಬರೆದಾಗ ಮಾತ್ರ. ಆ ಅವಕಾಶವನ್ನು ದುಂಡು ಮುಖಕ್ಕೆ ಹಳದಿ ಬಣ್ಣ ಬಳಿಯುವ ಕೆಲಸಕ್ಕೆ ಇಳಿಸಿದರೆ, ಆ ಪುಸ್ತಕವು ಕನ್ನಡದಲ್ಲಿದ್ದರೇನು, ಇಂಗ್ಲಿಷಿನಲ್ಲಿದ್ದರೇನು?

ಇನ್ನು ಚೌಕಗಳ ಅಳತೆ. ಗುರಿಯ ಚೌಕವು 30 ಮಿಲಿಮೀಟರ್ ಅಗಲವಿದೆ. ‘ಕಲಿಯಬೇಕೆಂದುಕೊಂಡಿದ್ದೇನೆ’ ಎಂಬುದು ನಮ್ಮಲ್ಲಿ ಒಂದೇ ಪದ, ಹತ್ತು ಅಕ್ಷರ. ಮಗುವಿನ ಕೈಬರಹದಲ್ಲಿ ಅಕ್ಷರವೊಂದಕ್ಕೆ 7 ಮಿಲಿಮೀಟರ್ ಎಂದರೂ 70 ಮಿಲಿಮೀಟರ್ ಬೇಕು. ಪ್ರತ್ಯಯಗಳನ್ನು ಸರಪಳಿಯಂತೆ ಹೆಣೆದುಕೊಂಡು ಸಾಗುವ ಭಾಷೆಗೆ ಚೌಕಾಕಾರದ ಪೆಟ್ಟಿಗೆ ಹೇಳಿ ಮಾಡಿಸಿದ್ದಲ್ಲ. ನನ್ನ ತರಗತಿಯ ಮಕ್ಕಳಿಗೆ ಕರಡಿನ ಒಂದು ಹಾಳೆಯನ್ನು ಕೊಟ್ಟು ನೋಡಿದೆ. ಹೆಚ್ಚಿನವರು ಚೌಕದಲ್ಲಿ ಒಂದೊಂದೇ ನಾಮಪದ ಬರೆದರು. ಇಬ್ಬರು ಇಂಗ್ಲಿಷಿನಲ್ಲಿ ಬರೆದರು. ಒಬ್ಬಳು ಚೌಕವನ್ನು ಬಿಟ್ಟು ಹಾಳೆಯ ಹಿಂಬದಿಯಲ್ಲಿ ಆರು ಸಾಲು ಬರೆದಳು. ಆ ಆರು ಸಾಲುಗಳಲ್ಲಿ ನಾಲ್ಕು ಕಾಗುಣಿತದ ತಪ್ಪುಗಳಿದ್ದವು, ಒಂದು ನಿಜವಾದ ಸಂಗತಿಯಿತ್ತು. ಸಂಗತಿ ಏನೆಂಬುದು ಅವಳಿಗೆ ಸೇರಿದ್ದು.

ಸಾಲುಗಳ ನಡುವಿನ ಅಂತರವನ್ನೂ ಯಾರೂ ಯೋಚಿಸಿದಂತಿಲ್ಲ. ಅಮೆರಿಕದ ಅಂಗಡಿಗಳಲ್ಲಿ ದೊರೆಯುವ ‘ಕಾಲೇಜ್ ರೂಲ್ಡ್’ ಪುಸ್ತಕದಲ್ಲಿ ಸಾಲಿನ ಅಂತರ 7.1 ಮಿಲಿಮೀಟರ್, ‘ವೈಡ್ ರೂಲ್ಡ್’ನಲ್ಲಿ 8.7. ರೋಮನ್ ಲಿಪಿಗೆ ಇದು ಧಾರಾಳ. ಕನ್ನಡದ ಅಕ್ಷರವೋ ಮೂರು ಅಂತಸ್ತಿನ ಮನೆ: ಮೇಲೆ ಗುಡಿಸು, ಏತ್ವ, ನಡುವೆ ಮೂಲಾಕ್ಷರ, ಕೆಳಗೆ ಒತ್ತು. ‘ಸ್ತ್ರೀ’, ‘ರಾಷ್ಟ್ರ’, ‘ಶಾಸ್ತ್ರ’ ಮೊದಲಾದ ಪದಗಳಲ್ಲಿ ಒಂದು ಒತ್ತಿನ ಜೊತೆ ಇನ್ನೊಂದು. ಇಕ್ಕಟ್ಟಿನ ಸಾಲಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ಆಗ ಮಗು ಮಾಡುವುದೇನು? ಒತ್ತನ್ನೇ ಬಿಟ್ಟುಬಿಡುತ್ತದೆ. ‘ಮಕ್ಕಳಿಗೆ ಒತ್ತಕ್ಷರ ಬರುವುದಿಲ್ಲ’ ಎಂದು ದೂರುವ ಪೋಷಕರು ಒಮ್ಮೆ ಪುಸ್ತಕದ ಗೆರೆಗಳನ್ನು ಅಳೆದು ನೋಡಬೇಕೆಂದು ವಿನಂತಿಸುತ್ತೇನೆ. ಈ ಕರಡಿನಲ್ಲಿ ಕೃತಜ್ಞತೆಯ ಗೆರೆಗಳ ಅಂತರ 8 ಮಿಲಿಮೀಟರ್. ಅದೂ ಕಾಗದದ ಮೇಲೆ ಉಳಿಯುವುದಿಲ್ಲ. ಕಡತವನ್ನು ಎ-4 ಅಳತೆಗೆ ಸಿದ್ಧಪಡಿಸಲಾಗಿದೆ, ಅಂದರೆ 297 ಮಿಲಿಮೀಟರ್ ಎತ್ತರ. ಇಲ್ಲಿಯ ಲೆಟರ್ ಕಾಗದದ ಎತ್ತರ 279. ಮುದ್ರಣಯಂತ್ರವು ಪುಟವನ್ನು ಕಾಗದಕ್ಕೆ ಹೊಂದಿಸುವಾಗ ಎಲ್ಲವನ್ನೂ ನೂರಕ್ಕೆ ಆರರಷ್ಟು ಕುಗ್ಗಿಸುತ್ತದೆ. ಎಂಟು ಏಳೂವರೆಯಾಗುತ್ತದೆ.

ಈಗ ತಾನೇ ಕಂಪ್ಯೂಟರಿನ ಫೈಲನ್ನು ‘ಕಡತ’ ಎಂದೆ. ಆ ಪದವನ್ನು ನಾವು ಎಲ್ಲಿಂದ ತಂದೆವೆಂಬುದನ್ನು ನೆನಪಿಸಿಕೊಳ್ಳುವುದು ಈ ಸಂದರ್ಭಕ್ಕೆ ಉಚಿತ. ಕರ್ನಾಟಕದಲ್ಲಿ ಕಡತವೆಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬೆರೆಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸುತ್ತಿದ್ದರು. ಕಪ್ಪು ಹಲಗೆಯಂತಹ ಆ ಮೈಮೇಲೆ ಬಳಪದ ಕಡ್ಡಿಯಿಂದ ಬರೆಯುತ್ತಿದ್ದರು. ಬೇಡವಾದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ವ್ಯಾಪಾರಿಗಳ ಲೆಕ್ಕ, ಶಾನುಭೋಗರ ದಾಖಲೆ, ಶೃಂಗೇರಿಯಂತಹ ಮಠಗಳ ವ್ಯವಹಾರ ಎಲ್ಲವೂ ಅದರಲ್ಲಿ ನಡೆಯಿತು. ನಮ್ಮ ಹಿರಿಯರು ತಮ್ಮ ಲಿಪಿಗೆ, ತಮ್ಮ ಹವೆಗೆ, ತಮ್ಮ ಕೆಲಸಕ್ಕೆ ತಕ್ಕ ಪುಸ್ತಕವನ್ನು ಹುಣಸೆಬೀಜದಿಂದ ಮಾಡಿಕೊಂಡರು. ನಮ್ಮ ಕೈಯಲ್ಲಿ ಲೇಸರ್ ಮುದ್ರಣಯಂತ್ರವಿದ್ದೂ ಇನ್ನೊಬ್ಬರ ಪೆಟ್ಟಿಗೆಗಳೊಳಗೆ ಕನ್ನಡವನ್ನು ತುರುಕುತ್ತಿದ್ದೇವೆ.

ನಾವು ವಾಸವಾಗಿರುವ ಈ ದೇಶದಲ್ಲಿಯೂ ಇದಕ್ಕೊಂದು ಉದಾಹರಣೆಯಿದೆ. ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ವಿವರಿಸಿರುವ ಪುಟ್ಟ ಪುಸ್ತಕವನ್ನು ಇಂದಿನ ಅಭ್ಯಾಸ ಪಟ್ಟಿಗಳೆಲ್ಲದರ ಮೂಲಪುರುಷನೆನ್ನಬಹುದು. ಹದಿಮೂರು ಸದ್ಗುಣಗಳು, ವಾರದ ಏಳು ಕಂಬಗಳು, ತಪ್ಪಿದ ಕಡೆ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ಗಮನವಿಟ್ಟು 13 ವಾರಗಳಲ್ಲಿ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತಾದಾಗ ಆತ ದಂತದ ಹಾಳೆಗಳುಳ್ಳ ಪುಸ್ತಕಕ್ಕೆ ಬದಲಾಯಿಸಿಕೊಂಡು, ಒದ್ದೆ ಸ್ಪಂಜಿನಿಂದ ಒರೆಸಿಕೊಳ್ಳುತ್ತಿದ್ದನು, ನಮ್ಮ ಕಡತದಂತೆಯೇ! ಗಮನಿಸಬೇಕಾದುದೆಂದರೆ, ಗೆರೆಗಳನ್ನು ಎಳೆದವನೂ ಗುಣಗಳನ್ನು ಆರಿಸಿದವನೂ ಚುಕ್ಕೆಯಿಟ್ಟವನೂ ಒಬ್ಬನೇ. ಬುಲೆಟ್ ಜರ್ನಲ್ ಪದ್ಧತಿಯನ್ನು ರೂಪಿಸಿದ ರೈಡರ್ ಕ್ಯಾರಲ್ ಕೂಡ ಗಮನ ನಿಲ್ಲದ ತನ್ನ ತೊಂದರೆಗೆ ತಾನೇ ಉಪಾಯ ಹುಡುಕಿಕೊಂಡದ್ದು ಖಾಲಿ ಪುಸ್ತಕದಲ್ಲಿ. ಅವರ ಫಲಿತಾಂಶವನ್ನು ಅಚ್ಚು ಹಾಕಿಸಿ ಹಂಚಿದರೆ ಅವರ ಪ್ರಯತ್ನವೂ ಜೊತೆಗೆ ಬರುವುದೆಂದು ನಂಬುವುದು ಭ್ರಮೆ.

ಪ್ರಸ್ತಾಪದ ಟಿಪ್ಪಣಿಯಲ್ಲಿ ವಿಜ್ಞಾನದ ಹೆಸರನ್ನೂ ಎಳೆತರಲಾಗಿದೆ. ಯೇಲ್ ವಿಶ್ವವಿದ್ಯಾಲಯದ 1953ರ ತಂಡದಲ್ಲಿ ಗುರಿಗಳನ್ನು ಬರೆದಿಟ್ಟಿದ್ದ ನೂರಕ್ಕೆ ಮೂವರು, ಇಪ್ಪತ್ತು ವರ್ಷಗಳ ನಂತರ ಉಳಿದ ತೊಂಬತ್ತೇಳು ಮಂದಿಯ ಒಟ್ಟು ಸಂಪತ್ತಿಗಿಂತ ಹೆಚ್ಚು ಗಳಿಸಿದ್ದರಂತೆ. ಈ ಕಥೆ ಕೇಳಲು ಬಹಳ ಚೆನ್ನಾಗಿದೆ. ಆದರೆ ಅಂತಹ ಅಧ್ಯಯನ ನಡೆದೇ ಇಲ್ಲ. 1996ರಲ್ಲಿ ‘ಫಾಸ್ಟ್ ಕಂಪನಿ’ ಪತ್ರಿಕೆಯು ಅದರ ಮೂಲವನ್ನು ಹುಡುಕಿಕೊಂಡು ಹೋದಾಗ ಭಾಷಣಕಾರರು ಒಬ್ಬರತ್ತ ಒಬ್ಬರು ಬೆರಳು ತೋರಿದರೇ ಹೊರತು ಅಧ್ಯಯನ ಸಿಗಲಿಲ್ಲ. ಸಂಘದ ಹೆಸರಿನಲ್ಲಿ ಹೊರಡುವ ಮುನ್ನುಡಿಯಲ್ಲಿ ಈ ಸುಳ್ಳು ಇರಕೂಡದು. ಉಳಿದ ವಿಷಯಗಳಲ್ಲಿ ಸೋತರೂ ಇದೊಂದರಲ್ಲಿ ನಾನು ಹಟ ಬಿಡುವವನಲ್ಲ.

‘ಸ್ಮಾರ್ಟ್’ ಸೂತ್ರದ ವಿಷಯವೂ ಹಾಗೆಯೇ. ಅದನ್ನು ಜಾರ್ಜ್ ಡೋರನ್ 1981ರಲ್ಲಿ ‘ಮ್ಯಾನೇಜ್‌ಮೆಂಟ್ ರಿವ್ಯೂ’ ಪತ್ರಿಕೆಯಲ್ಲಿ ಬರೆದದ್ದು ಕಂಪನಿಗಳ ವ್ಯವಸ್ಥಾಪಕರಿಗಾಗಿ. ಮೂಲದಲ್ಲಿ ಮೂರನೆಯ ಅಕ್ಷರದ ಅರ್ಥ ‘ಸಾಧಿಸಬಹುದಾದ’ ಎಂದಲ್ಲ, ‘ಯಾರಿಗೆ ವಹಿಸಬೇಕು’ ಎಂದು. ಎಲ್ಲವನ್ನೂ ಅಂಕಿಯಲ್ಲಿ ಅಳೆಯಲು ಹೊರಡಬಾರದೆಂದು ಆತನೇ ಎಚ್ಚರಿಸಿದ್ದನು. ಕಚೇರಿಯಲ್ಲಿ ಕೆಲಸ ಹಂಚುವ ಸೂತ್ರ ಹೀಗೆ ಒಂಬತ್ತು ವರ್ಷದ ಮಗುವಿನ ಯುಗಾದಿ ಉಡುಗೊರೆಯಾಗಿದೆ. (ಕನ್ನಡಿಸಿದ ಐದು ಪದಗಳ ಮೊದಲಕ್ಷರಗಳನ್ನು ಕೂಡಿಸಿದರೆ ‘ನಿಅಸಾವಾಸ’ ಎಂದಾಗುತ್ತದೆ. ಸಹವಾಸ ಬೇಡವೆಂದು ಪುಸ್ತಕವೇ ಹೇಳುತ್ತಿದೆಯೋ ಏನೋ!)

ಗುರಿ ಬರೆದಿಡುವುದೇ ವ್ಯರ್ಥವೆಂಬುದು ನನ್ನ ವಾದವಲ್ಲ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲ್ಯಾಥಮ್ ಅವರ ದಶಕಗಳ ಸಂಶೋಧನೆ ಗಟ್ಟಿಯಾದುದು. ಒಕ್ಲಹೋಮಾದಲ್ಲಿ ಮರದ ದಿಮ್ಮಿ ಸಾಗಿಸುವ ಚಾಲಕರಿಗೆ ‘ನಿಮ್ಮಿಂದಾದಷ್ಟು ತುಂಬಿ’ ಎನ್ನುವ ಬದಲು ‘ಕಾನೂನು ಒಪ್ಪುವ ತೂಕದ ಶೇಕಡಾ 94ರಷ್ಟು ತುಂಬಿ’ ಎಂದು ಹೇಳಿದಾಗ ಲಾರಿಗಳ ಹೊರೆ ಗಣನೀಯವಾಗಿ ಹೆಚ್ಚಿತು. ಆದರೆ ಆ ಚಾಲಕರಿಗೆ ದಿಮ್ಮಿ ತುಂಬುವ ಕೆಲಸ ಆಗಲೇ ಗೊತ್ತಿತ್ತು. ಇನ್ನೂ ಕಲಿಯಬೇಕಾದ, ತೊಡಕಿನ ಕೆಲಸದಲ್ಲಿ ಅಂಕಿಯ ಗುರಿ ಅಡ್ಡಿಯಾಗಬಹುದು. ಅಲ್ಲಿ ಕಲಿಕೆಯ ಗುರಿಯೇ ಮೇಲೆಂದು ಅದೇ ಸಂಶೋಧಕರು ತೋರಿಸಿದ್ದಾರೆ. ನಮ್ಮ ಮಕ್ಕಳು ಕಲಿಯುತ್ತಿರುವವರು. ‘ತಿಂಗಳಿಗೆ 100 ಕನ್ನಡ ಪದ’ ಎಂಬ ಚೌಕ ತುಂಬಿದ ಮಗುವಿಗೆ ನೂರು ಪದಗಳು ಬರುತ್ತವೆ. ಅಜ್ಜನೊಡನೆ ಫೋನಿನಲ್ಲಿ ಆಡಲು ಎರಡು ವಾಕ್ಯಗಳು ಬರುತ್ತವೆಯೆಂಬ ಭರವಸೆಯಿಲ್ಲ.

ದೊಡ್ಡವರ ಪುಟಗಳ ಕುರಿತು ಒಂದು ಮಾತನ್ನು ಹೇಳದಿದ್ದರೆ ತಪ್ಪಾಗುತ್ತದೆ. ‘ಐದು ವರ್ಷಗಳ ನಂತರ ನಾನು: ವೃತ್ತಿ, ಮನೆ, ಆದಾಯ.’ ಈ ಪುಟವನ್ನು ಯಾರ ಕೈಗೆ ಕೊಡುತ್ತಿದ್ದೇವೆಂಬುದನ್ನು ಸಮಿತಿ ಆಲೋಚಿಸಿದೆಯೇ? ನಮ್ಮ ಸಂಘದಲ್ಲಿ ಎಚ್-4 ವೀಸಾದಲ್ಲಿರುವ ಅನೇಕ ಸಹೋದರಿಯರಿದ್ದಾರೆ. ಸಂಗಾತಿಯ ಹಸಿರು ಚೀಟಿಯ ಪ್ರಕ್ರಿಯೆ ಒಂದು ಹಂತವನ್ನು ದಾಟಿದ ಮೇಲಷ್ಟೇ ಅವರಲ್ಲಿ ಕೆಲವರಿಗೆ ದುಡಿಯುವ ಅನುಮತಿ ದೊರೆಯುತ್ತದೆ; ಅದೂ 2015ರಿಂದ ಈಚೆಗೆ ಬಂದ ಸೌಲಭ್ಯ. ಇಂಜಿನಿಯರಿಂಗ್, ವೈದ್ಯಕೀಯ ಓದಿ ಬಂದು ವರ್ಷಗಟ್ಟಲೆ ಮನೆಯಲ್ಲಿ ಕುಳಿತವರಿಗೆ ‘ನಿಮ್ಮ ಗುರಿ ಸಾಧಿಸಬಹುದಾದುದೇ?’ ಎಂದು ಚೌಕದಲ್ಲಿ ಕೇಳುವುದು ಕ್ರೌರ್ಯವಲ್ಲದಿದ್ದರೂ ಅವಿವೇಕ. 21 ತುಂಬಿದೊಡನೆ ಹೆತ್ತವರ ವೀಸಾದ ಆಸರೆ ತಪ್ಪಿಹೋಗುವ ಮಕ್ಕಳೂ ನಮ್ಮ ಮನೆಗಳಲ್ಲಿದ್ದಾರೆ. ಕಾರ್ಯಹಾಳೆಯು ಎಲ್ಲವೂ ನಮ್ಮ ಕೈಯಲ್ಲಿದೆಯೆಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಕೈಯಲ್ಲಿಲ್ಲದುದನ್ನು ಬರೆಯಲು ಅದರಲ್ಲಿ ಕಂಬವಿಲ್ಲ. ಬರಿಯ ಗೆರೆಗಳುಳ್ಳ ಪುಟದಲ್ಲಿ ಕಾಯುವುದರ ಬಗೆಗೂ ಬರೆಯಬಹುದು.

ಹಾಗೆ ಬರೆಯುವುದರಿಂದ ಪ್ರಯೋಜನವಿದೆಯೆಂಬುದಕ್ಕೂ ಆಧಾರವಿದೆ. ಜೇಮ್ಸ್ ಪೆನ್‌ಬೇಕರ್ ಅವರ 1986ರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ನೋವಿನ ಅನುಭವಗಳನ್ನು ಬರೆದರು. ಘಟನೆಯನ್ನೂ ತಮಗಾದ ಭಾವನೆಗಳನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರದ ಬಾಗಿಲು ತಟ್ಟಿದ್ದು ಇತರರಿಗಿಂತ ಕಡಿಮೆ. ಆ ಬಗೆಯ ಪ್ರಯೋಗಗಳಲ್ಲಿ ಬರೆಯುವವರಿಗೆ ಹೇಳುವ ಮಾತೆಂದರೆ ಕಾಗುಣಿತ, ವ್ಯಾಕರಣದ ಚಿಂತೆ ಬೇಡ ಎಂಬುದು. ಕನ್ನಡ ಶಾಲೆಯ ಶಿಕ್ಷಕನಾಗಿ ಈ ಮಾತನ್ನು ಬರೆಯುವಾಗ ನನ್ನ ಕೈ ಸ್ವಲ್ಪ ನಡುಗುತ್ತದೆ. ಆದರೂ ದಿನಚರಿಯ ಮಟ್ಟಿಗೆ ಅದು ಸರಿ.

ಕರಡಿನ ಕೊನೆಯ ಪುಟದಲ್ಲಿರುವ ‘ಪೋಷಕರ ಸಹಿ’ ಮತ್ತು ‘ಶಿಕ್ಷಕರ ಅಭಿಪ್ರಾಯ’ ಎಂಬೆರಡು ಗೆರೆಗಳಂತೂ ಇಡೀ ಯೋಜನೆಯನ್ನೇ ಕೆಡಿಸುತ್ತವೆ. ವರ್ಷಾಂತ್ಯದಲ್ಲಿ ಪುಸ್ತಕಗಳನ್ನು ಸಂಗ್ರಹಿಸಿ ಅತ್ಯುತ್ತಮ ದಿನಚರಿಗೆ ಬಹುಮಾನ ಕೊಡುವ ಆಲೋಚನೆಯೂ ಇದೆಯಂತೆ. ಅಪ್ಪ ಓದುತ್ತಾನೆಂದು ತಿಳಿದಿರುವ ಮಗು ಅಪ್ಪನಿಗೆ ಬೇಕಾದುದನ್ನೇ ಬರೆಯುತ್ತದೆ. ಗಣಿತ ಸ್ಪರ್ಧೆ, ಸ್ಪೆಲಿಂಗ್ ಬೀ, ಭರತನಾಟ್ಯದ ರಂಗಪ್ರವೇಶ: ನಮ್ಮದೇ ಆಸೆಗಳ ಪಟ್ಟಿಯನ್ನು ಅವರ ಕೈಬರಹದಲ್ಲಿ ಓದಿ ನಾವು ಸಂತೋಷಪಡಬಹುದು. ಇಲ್ಲಿಯ ಮಕ್ಕಳ ಬದುಕಿನಲ್ಲಿ ಕನ್ನಡವೆಂದರೆ ಯಾವಾಗಲೂ ಯಾರೋ ಕೇಳಿಸಿಕೊಂಡು ತಿದ್ದುವ ಭಾಷೆ. ಊಟದ ಮೇಜಿನಲ್ಲಿ ತಿದ್ದುತ್ತೇವೆ, ವೇದಿಕೆಯ ಮೇಲೆ ತಿದ್ದುತ್ತೇವೆ, ಅಜ್ಜಿಯೊಡನೆ ಮಾತನಾಡುವಾಗ ಹಿಂದಿನಿಂದ ಪಿಸುಗುಟ್ಟಿ ತಿದ್ದುತ್ತೇವೆ. ಯಾರೂ ನೋಡದ ಕಡೆ ಕನ್ನಡವನ್ನು ಬಳಸುವ ಅವಕಾಶ ಅವರಿಗೆ ಎಂದಾದರೂ ದೊರೆತಿದೆಯೇ? ಶಾಲೆಯ ಗೆಳೆಯರು ಇಣುಕಿದರೂ ಓದಲಾಗದ ಲಿಪಿ ಅದು! ಗುಟ್ಟಿನ ಲಿಪಿಯೆಂದು ಕೊಟ್ಟರೆ ಹನ್ನೊಂದರ ಮಗುವಿಗೆ ಅದಕ್ಕಿಂತ ದೊಡ್ಡ ಆಮಿಷವಿಲ್ಲ. ನಾವು ಪೋಷಕರು ಮಾತ್ರ ಓದದೆ ಇರಬೇಕು.

ಖಾಲಿ ಪುಟವನ್ನು ಕಂಡರೆ ಮಕ್ಕಳು ಹೆದರುತ್ತಾರೆ, ಅವರ ಪದಸಂಪತ್ತು ಸಣ್ಣದು, ಆಸರೆ ಬೇಕು ಎಂಬ ಆಕ್ಷೇಪಣೆ ನ್ಯಾಯವಾದುದೇ. ಆಸರೆ ಕೊಡೋಣ, ಆದರೆ ಕನ್ನಡದ ಜಾಡಿನಲ್ಲಿ. ‘ಊಟ ಮುಗಿದ ಮೇಲೆ ನಾನು…’ ಎಂದು ಅರ್ಧಕ್ಕೆ ನಿಲ್ಲಿಸಿದರೆ ಖಾಲಿ ಜಾಗ ತಾನಾಗಿಯೇ ಕೊನೆಗೆ ಬರುತ್ತದೆ. ಪ್ರತ್ಯಯ ಜೋತುಬೀಳುವುದಿಲ್ಲ. ಕರ್ಮವನ್ನೂ ಕ್ರಿಯೆಯನ್ನೂ ಮಗುವೇ ಹುಡುಕಬೇಕು. ‘ಬಸ್ಸಿನಿಂದ ಇಳಿದ ಕೂಡಲೇ…’, ‘ಮಳೆ ಬಂದರೆ…’, ‘ಅಮ್ಮ ಬೈದಾಗ ನನಗೆ…’ ಹೀಗೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ‘ಇಂಥ ಹೊತ್ತು ಬಂದಾಗ ಇಂಥದನ್ನು ಮಾಡುತ್ತೇನೆ’ ಎಂದು ಸಮಯ, ಸ್ಥಳಗಳನ್ನು ಕಟ್ಟಿಹಾಕಿದ ಸಂಕಲ್ಪವು ಬರಿಯ ಗುರಿಗಿಂತ ಹೆಚ್ಚಾಗಿ ನೆರವೇರುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೊಲ್‌ವಿಟ್ಸರ್ ತೋರಿಸಿದ್ದಾರೆ. ಕನ್ನಡ ವಾಕ್ಯದಲ್ಲಿ ಸಂದರ್ಭ ಮೊದಲು, ಕ್ರಿಯೆ ಕೊನೆಗೆ. ಈ ಬಗೆಯ ಸಂಕಲ್ಪಕ್ಕೆ ನಮ್ಮ ವಾಕ್ಯವೇ ಅಚ್ಚು.

ಆದಕಾರಣ ನನ್ನ ಪ್ರತಿಪ್ರಸ್ತಾಪ ಹೀಗಿದೆ. ಹನ್ನೆರಡು ಲೆಟರ್ ಹಾಳೆಗಳನ್ನು ನಡುವೆ ಮಡಿಸಿ ಪಿನ್ನು ಹೊಡೆದರೆ 48 ಪುಟಗಳಾಗುತ್ತವೆ. ವಾರಕ್ಕೊಂದು ಪುಟದಂತೆ ಬರೆದರೆ ಹತ್ತಿರಹತ್ತಿರ ವರ್ಷ ತುಂಬುತ್ತದೆ. ದಿನಾಂಕವನ್ನು ಅಚ್ಚು ಹಾಕಿಸುವುದು ಬೇಡ; ಫೆಬ್ರವರಿಯಲ್ಲಿ ಬಿಟ್ಟ ಮಗು ಜೂನ್‌ನಲ್ಲಿ ಮರಳಿ ಬಂದಾಗ ಖಾಲಿ ತಿಂಗಳುಗಳು ಅದನ್ನು ಅಣಕಿಸಬಾರದು. ಚಿಕ್ಕವರ ಪ್ರತಿಗೆ 12 ಮಿಲಿಮೀಟರ್ ಅಂತರದ ಗೆರೆ, ದೊಡ್ಡವರ ಪ್ರತಿಗೆ 10. ಗೆರೆಗಳು ತಿಳಿ ಬೂದು ಬಣ್ಣದಲ್ಲಿರಲಿ, ಬರಹ ಮುಂದೆ ಕಾಣಲಿ. ಕಾಗದ 24 ಪೌಂಡಿನದು, ಅಂದರೆ ಚದರ ಮೀಟರಿಗೆ 90 ಗ್ರಾಂ ತೂಗುವುದು. ಶಾಯಿ ಹಿಂಬದಿಗೆ ಇಣುಕುವುದು ಕಡಿಮೆ. ನಾಲ್ಕು ಪುಟಗಳಿಗೊಮ್ಮೆ ಪುಟದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಅರ್ಧ ವಾಕ್ಯ. ಬೇಕಾದವರು ಮುಂದುವರಿಸಲಿ, ಬೇಡವಾದವರು ಅದರ ಮೇಲೆಯೇ ಬರೆಯಲಿ. ಗುರಿಗೆಂದು ಕೊನೆಯಲ್ಲಿ ಎರಡು ಪುಟಗಳು ಸಾಕು. ಇಂಗ್ಲಿಷ್ ಪದ ಬಂದರೆ ಬರಲಿ, ಕನ್ನಡ ಲಿಪಿಯಲ್ಲಿ ಬರಲಿ. ಸಹಿಯ ಗೆರೆ, ಬಹುಮಾನ, ಸಂಗ್ರಹ ಯಾವುದೂ ಇರಕೂಡದು. ತೋರಣದ ಚಿತ್ರ ಮುಖಪುಟದಲ್ಲಿ ಉಳಿಯಲಿ, ಅದು ನಿಜಕ್ಕೂ ಚೆನ್ನಾಗಿದೆ.

ಪುಟಗಳು ಕಡಿಮೆಯಾದುದರಿಂದ ಮುದ್ರಣದ ವೆಚ್ಚವೂ ಇಳಿಯುತ್ತದೆ. ಸಮಿತಿಯು ಇದೇ ತಿಂಗಳ ಕೊನೆಯ ಭಾನುವಾರ, ಕನ್ನಡ ಶಾಲೆ ಮುಗಿದ ಮೇಲೆ, ಈ ವಿಷಯವನ್ನು ನಿರ್ಧರಿಸಲಿದೆ. ಸಭೆಗೆ ಎಲ್ಲ ಸದಸ್ಯರೂ ಬರಬಹುದು. ಮೂಲ ಕರಡಿನ ಎರಡು ಹಾಳೆಗಳನ್ನೂ 10 ಮತ್ತು 12 ಮಿಲಿಮೀಟರ್ ಗೆರೆಯ ಮಾದರಿಗಳನ್ನೂ ಕಾಫಿಯ ಮೇಜಿನ ಪಕ್ಕದಲ್ಲಿ ಇಟ್ಟಿರುತ್ತೇನೆ. ಮತ ಹಾಕುವ ಮುನ್ನ ದಯವಿಟ್ಟು ಒಂದೊಂದರಲ್ಲಿಯೂ ನಾಲ್ಕು ವಾಕ್ಯಗಳನ್ನು ಬರೆದು ನೋಡಿ. ಬರೆದ ಹಾಳೆಯನ್ನು ನೀವೇ ಮನೆಗೆ ಒಯ್ಯಬಹುದು. ಪೆನ್ನು ಮಾತ್ರ ನಿಮ್ಮದೇ ತನ್ನಿ, ಕಳೆದ ಸಭೆಗೆ ಇಟ್ಟಿದ್ದ ಸಂಘದ ಪೆನ್ನುಗಳು ಒಂದೂ ಮರಳಿ ಬಂದಿಲ್ಲ.